ಅಮೆರಿಕದಲ್ಲಿ ‘ಅಕ್ರೆಡಿಟೆಡ್ ಇನ್ವೆಸ್ಟರ್’ ಅಂದ್ರೆ ಯಾರು?

ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬರುತ್ತದೆ. ಟೆಕ್ಸಾಸ್‌ನಲ್ಲಿ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಕೊಳ್ಳುತ್ತಿದ್ದೇವೆ, ಕನಿಷ್ಠ 50,000 ಡಾಲರ್ ಹಾಕಬೇಕು, ಅಕ್ರೆಡಿಟೆಡ್ ಇನ್ವೆಸ್ಟರ್‌ಗಳಿಗೆ ಮಾತ್ರ. ಅಂದರೆ ಆದಾಯ, ಆಸ್ತಿ ಅಥವಾ ಲೈಸೆನ್ಸ್ ನೋಡಿ ಇಂಥ ಖಾಸಗಿ ಹೂಡಿಕೆಗೆ ಅರ್ಹರು ಅಂತ ನಿಯಮ ಒಪ್ಪುವವರಿಗೆ. ಇದಕ್ಕೆ ಎಲ್ಲಾದರೂ ಹೆಸರು ನೋಂದಾಯಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಸರ್ಕಾರ ಇಂಥ ಸರ್ಟಿಫಿಕೇಟ್ ಕೊಡುವುದೇ ಇಲ್ಲ. ವೀಸಾ ಯಾವುದು ಅನ್ನುವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ಎಸ್‌ಇಸಿಯಲ್ಲಿ (ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ) ನೋಂದಾಯಿಸಿ, ತನ್ನ ಲೆಕ್ಕಪತ್ರವನ್ನೆಲ್ಲ ಬಿಚ್ಚಿಡಬೇಕು. ಈ ಅಪಾರ್ಟ್‌ಮೆಂಟ್ ಯೋಜನೆಯ ಹಾಗೆ ಪಾಲನ್ನು ಖಾಸಗಿಯಾಗಿ ಮಾರುವವರಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ದುಡ್ಡು ಹಾಕುವವರು ನಷ್ಟ ತಡೆದುಕೊಳ್ಳುವಷ್ಟು ಗಟ್ಟಿ ಇರಲಿ ಅನ್ನುವುದು ನಿಯಮದ ಲೆಕ್ಕಾಚಾರ. ದುಡ್ಡಿದ್ದವರಿಗೆ ಬುದ್ಧಿಯೂ ಇರುತ್ತದೆ ಅಂತ ಅಂದುಕೊಂಡ ಹಾಗಿದೆ. ನನಗಂತೂ ಅದು ಅಷ್ಟಾಗಿ ಒಪ್ಪಿಗೆಯಿಲ್ಲ.

ಅರ್ಹರಾಗಲು ಮೊದಲ ದಾರಿ ಆದಾಯ. ಕಳೆದ ಎರಡೂ ವರ್ಷ ನಿಮ್ಮೊಬ್ಬರದೇ 2 ಲಕ್ಷ ಡಾಲರ್ ದಾಟಿರಬೇಕು, ಅಥವಾ ಗಂಡ-ಹೆಂಡತಿ ಸೇರಿ 3 ಲಕ್ಷ. ಈ ವರ್ಷವೂ ಅಷ್ಟೇ ಬರುವ ನಂಬಿಕೆ ಇರಬೇಕು. ಒಂದು ವರ್ಷ ಬೋನಸ್ ಜಾಸ್ತಿ ಬಂತು ಅಂದರೆ ಸಾಲದು.

ಎರಡನೆಯದು ಆಸ್ತಿ. ಸಾಲ ಕಳೆದು 10 ಲಕ್ಷ ಡಾಲರ್‌ಗಿಂತ ಹೆಚ್ಚಿರಬೇಕು, ಸಂಗಾತಿಯದೂ ಸೇರಿಸಬಹುದು. ಎಡವುವುದು ಇಲ್ಲೇ. 2010ರ ಡಾಡ್-ಫ್ರಾಂಕ್ ಎಂಬ ಹಣಕಾಸು ಸುಧಾರಣಾ ಕಾಯ್ದೆಯ ನಂತರ ನೀವು ವಾಸವಿರುವ ಮನೆಯನ್ನು ಸೇರಿಸುವ ಹಾಗಿಲ್ಲ. ಒಂದು ಲೆಕ್ಕ ನೋಡಿ: 9 ಲಕ್ಷದ ಮನೆ, ಅದರ ಮೇಲೆ 5 ಲಕ್ಷ ಸಾಲ. 401ಕೆ ಎಂಬ ನಿವೃತ್ತಿ ಉಳಿತಾಯ ಖಾತೆಯಲ್ಲಿ 3.5 ಲಕ್ಷ, ಷೇರುಗಳಲ್ಲಿ 2.8 ಲಕ್ಷ, ಮೈಸೂರಿನಲ್ಲಿ 2 ಲಕ್ಷ ಡಾಲರ್ ಬಾಳುವ ಸೈಟು. ಕಾರ್ ಸಾಲ 30,000. ಒಟ್ಟು 12 ಲಕ್ಷ ಅಂತ ಮನಸ್ಸು ಹೇಳುತ್ತದೆ. ನಿಯಮದ ಪ್ರಕಾರ 8 ಲಕ್ಷ, ಅಂದರೆ ಅರ್ಹತೆಯಿಲ್ಲ. ಮನೆಯನ್ನು ಬಿಟ್ಟಾಗ ಅದರ ಬೆಲೆಯವರೆಗಿನ ಸಾಲವನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಹೂಡಿಕೆಗೆ ಮುಂಚಿನ 60 ದಿನದಲ್ಲಿ ಮನೆಯ ಮೇಲೆ ಹೊಸ ಸಾಲ ತೆಗೆದರೆ ಅದನ್ನು ಕಳೆಯಲೇಬೇಕು. ಊರಿನ ಸೈಟು ಲೆಕ್ಕಕ್ಕೆ ಬರುತ್ತದೆ, ಪಿತ್ರಾರ್ಜಿತವಾದರೆ ನಿಮ್ಮ ಪಾಲು ಮಾತ್ರ.

2020ರಿಂದ ಮೂರನೇ ದಾರಿಯೂ ಇದೆ: ಷೇರು ಮಾರುವ ಅಥವಾ ಹೂಡಿಕೆ ಸಲಹೆ ಕೊಡುವ ವೃತ್ತಿಯವರ ಸೀರೀಸ್ 7, 65 ಅಥವಾ 82 ಲೈಸೆನ್ಸ್. ಸುಮ್ನೆ ಪರೀಕ್ಷೆ ಪಾಸಾದರೆ ಆಗಲ್ಲ, ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಈಗ ಆ ಮೆಸೇಜ್ ವಿಷಯ. ಖಾಸಗಿ ಮಾರಾಟಕ್ಕೆ ವಿನಾಯಿತಿ ಕೊಡುವ ಎಸ್‌ಇಸಿ ನಿಯಮಗಳಲ್ಲಿ ಎರಡು ಬಗೆ ನೋಡಿ. ರೂಲ್ 506(ಬಿ) ಅಡಿ ಮಾರುವವರು ಜಾಹೀರಾತು ಕೊಡುವಂತಿಲ್ಲ. ಅಲ್ಲಿ ಸಾಮಾನ್ಯವಾಗಿ ನೀವು ಫಾರ್ಮ್ ತುಂಬಿ ಸಹಿ ಹಾಕಿದರೆ ಮುಗಿಯಿತು. 506(ಸಿ) ಅಡಿ ಜಾಹೀರಾತು ಕೊಡಬಹುದು, ಆದರೆ ನಿಮ್ಮ ಅರ್ಹತೆಯನ್ನು ಅವರು ನಿಜವಾಗಿ ಪರಿಶೀಲಿಸಬೇಕು. ಡಬ್ಲ್ಯೂ-2 (ಕಂಪನಿ ಕೊಡುವ ವಾರ್ಷಿಕ ಸಂಬಳದ ಪತ್ರ), ಟ್ಯಾಕ್ಸ್ ರಿಟರ್ನ್ ಅಥವಾ ಸಿಪಿಎ, ಅಂದರೆ ಪ್ರಮಾಣಿತ ಲೆಕ್ಕಿಗ, ಬರೆದ ಪತ್ರ ಕೇಳುವುದು ಇದಕ್ಕೇ. ಗುರುತಿಲ್ಲದ ನೂರಾರು ಜನರಿರುವ ಗುಂಪಿಗೆ ಆಫರ್ ಹಾಕಿ, “ಟಿಕ್ ಮಾಡಿ ಸಾಕು” ಅಂದರೆ ಅನುಮಾನ ಬರಬೇಕು ಅಲ್ವಾ? ಮೊದಲ ಮಾರಾಟವಾದ 15 ದಿನದೊಳಗೆ ಅವರು ಫಾರ್ಮ್ ಡಿ, ಅಂದರೆ ಈ ಖಾಸಗಿ ಮಾರಾಟದ ಸೂಚನಾಪತ್ರ, ಎಸ್‌ಇಸಿಗೆ ಸಲ್ಲಿಸಬೇಕು. ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಯಾರು ಬೇಕಾದರೂ ಅದನ್ನು ಹುಡುಕಬಹುದು. ಆದರೆ ಅದು ಅಲ್ಲಿದ್ದ ಮಾತ್ರಕ್ಕೆ ಎಸ್‌ಇಸಿ ಒಪ್ಪಿಗೆ ಕೊಟ್ಟಿದೆ ಅಂತಲ್ಲ.