ಊರ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ನಕ್ಷೆ ಬರೆದು, ಜನರನ್ನು ಎಣಿಸುವ ಬಗೆ

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಶಾಲಾ ಮಕ್ಕಳು ‘ನಮ್ಮ ಊರಿನ ಭೂಗೋಳ’ ಅಂತ ಪ್ರಾಜೆಕ್ಟ್ ಮಾಡಿ ತಂದು ತೋರಿಸುತ್ತಾರೆ. ಚಿತ್ರ ಚೆನ್ನಾಗಿರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ಆದರೆ ಊರಿನ ಗಡಿಯನ್ನೇ ಕೆರೆಯ ಜಲಾನಯನ ಅಂತ ಬರೆದಿರುತ್ತಾರೆ. ಇನ್ನು ಕೆಲವರು ಏರಿಯ ಕೆಳಗಿನ ಗದ್ದೆಗಳಿಗೆ ಬಣ್ಣ ತುಂಬಿರುತ್ತಾರೆ. ಅದು ಅಚ್ಚುಕಟ್ಟು. ಕೆರೆ ನೀರು ಕೊಡುವ ಜಾಗ. ಜಲಾನಯನ ಅಂದರೆ ಕೆರೆಗೆ ನೀರು ಕೊಡುವ ಜಾಗ, ಅದು ಏರಿಯ ಮೇಲ್ಗಡೆ ಇರುತ್ತದೆ. ದೊಡ್ಡವರೂ ಇಲ್ಲೇ ಎಡವುತ್ತಾರೆ. ಕೆರೆ ತುಂಬುತ್ತಿಲ್ಲ ಅಂತ ಏರಿ ಮೇಲೆ ನಿಂತು ನೀರಿನ ಕಡೆ ನೋಡುತ್ತಾರೆ, ಮೇಲಿನ ದಿಣ್ಣೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮದು ನದಿ ಹುಟ್ಟುವ ಸೀಮೆ, ನದಿ ನಿಲ್ಲುವ ಸೀಮೆ ಅಲ್ಲ. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಅರ್ಕಾವತಿ ಕಾವೇರಿಗೆ ಹೋಗುತ್ತದೆ, ಉತ್ತರ ಪಿನಾಕಿನಿ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ. ಕೋಲಾರದ ಪಾಲಾರ್ ಕೂಡ ಹೊರಗೇ ಹೋಗುತ್ತದೆ. ನಮಗೆ ಉಳಿಯುವುದು ಕೆರೆಯಲ್ಲಿ ನಿಂತ ನೀರು ಮಾತ್ರ. ಅದಕ್ಕೇ ಈ ಗೆರೆಯನ್ನು ಸರಿಯಾಗಿ ಎಳೆಯಲು ಕಲಿಯಬೇಕು.

ಹೆಜ್ಜೆ 1: ಹಾಳೆ

ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್, ಅಂದರೆ ನೆಲದ ಎತ್ತರ, ಹಳ್ಳ, ಕೆರೆ ಎಲ್ಲ ತೋರಿಸುವ ನಕ್ಷೆ ಬೇಕು. ಅವರ ವೆಬ್‌ಸೈಟ್‌ನಲ್ಲೇ ಇಳಿಸಿಕೊಳ್ಳಬಹುದು. ಹಳೆಯ ಸಂಖ್ಯೆಯಲ್ಲಿ ತುಮಕೂರು, ಚಿಕ್ಕಬಳ್ಳಾಪುರ ನಗರಗಳು 57 ಜಿ ಒಳಗೆ ಬರುತ್ತವೆ, ಕೋಲಾರ 57 ಕೆ, ತಿಪಟೂರು 57 ಸಿ. ಹೊಸ ಹಾಳೆಗಳಲ್ಲಿ ಸಂಖ್ಯೆ ಬೇರೆ ಇರುತ್ತದೆ, ಗಾಬರಿ ಬೇಡ.

ಪ್ರಿಂಟ್ ಹಾಕಿಸುವಾಗ ಮಾತ್ರ ಪಕ್ಕದಲ್ಲೇ ನಿಂತಿರಿ. ಅಂಗಡಿಯವರು ಹಾಳೆಗೆ ಹೊಂದಿಸಲು ನಕ್ಷೆಯನ್ನು ಕುಗ್ಗಿಸಿಬಿಡುತ್ತಾರೆ, ಆಮೇಲೆ ನಿಮ್ಮ ಲೆಕ್ಕವೆಲ್ಲ ತಪ್ಪು. ನಕ್ಷೆಯ ಕೆಳಗಿರುವ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನೋಡಿ. 5 ಕಿಲೋಮೀಟರ್ ಅಂದರೆ ಸರಿಯಾಗಿ 10 ಸೆಂಟಿಮೀಟರ್ ಬರಬೇಕು. ಬರದಿದ್ದರೆ ವಾಪಸ್ ಕೊಡಿ. ಕಪ್ಪು ಬಿಳುಪಿನ ಜೆರಾಕ್ಸ್ ಬೇಡವೇ ಬೇಡ, ಅದರಲ್ಲಿ ಎತ್ತರ ತೋರಿಸುವ ಕಂದು ಬಣ್ಣದ ಕಾಂಟೂರ್ ಗೆರೆ ಯಾವುದು, ಹಳ್ಳ ಯಾವುದು ಅಂತ ಗೊತ್ತಾಗುವುದಿಲ್ಲ. ಟ್ರೇಸಿಂಗ್ ಪೇಪರ್‌ನಲ್ಲಿ ಅಗ್ಗದ್ದು ಒಂದು ಬರುತ್ತದೆ, ಎರಡು ಸಲ ರಬ್ಬರ್ ಉಜ್ಜಿದರೆ ಹರಿಯುತ್ತದೆ. ನಾಲ್ಕು ರೂಪಾಯಿ ಜಾಸ್ತಿ ಕೊಟ್ಟು ದಪ್ಪದ್ದೇ ತನ್ನಿ, ಇಲ್ಲಿ ಉಜ್ಜುವ ಕೆಲಸವೇ ಜಾಸ್ತಿ.

ಹೆಜ್ಜೆ 2: ಕೆರೆ, ಏರಿ, ಹಳ್ಳ ಗುರುತಿಸಿ

ಟ್ರೇಸಿಂಗ್ ಪೇಪರ್ ಮೇಲೆ ಮೊದಲು ಏರಿ, ಆಮೇಲೆ ಕೆರೆಗೆ ಬಂದು ಸೇರುವ ಎಲ್ಲ ಹಳ್ಳಗಳು. ವರ್ಷದಲ್ಲಿ ಹೆಚ್ಚು ದಿನ ಒಣಗಿರುವ ಹಳ್ಳಗಳನ್ನು ಟೋಪೋಶೀಟ್‌ನಲ್ಲಿ ಕಪ್ಪು ಗೆರೆಯಲ್ಲಿ ತೋರಿಸುತ್ತಾರೆ. ನಮ್ಮ ಕಡೆ ಬಹುಪಾಲು ಹೀಗೇ. ನೀಲಿ ಇಲ್ಲ ಅಂತ ಬಿಟ್ಟುಬಿಡಬೇಡಿ.

ಹೆಜ್ಜೆ 3: ನೀರು ಬೇರ್ಪಡುವ ಗೆರೆ

ಎಲ್ಲರೂ ಕೆಡಿಸುವುದು ಇದನ್ನೇ. ಒಂದು ಸಂಜೆ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ.

ಕಾಂಟೂರ್ ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಪಠ್ಯಪುಸ್ತಕದಲ್ಲಿ ಸಮೋನ್ನತಿ ರೇಖೆ ಅಂತ ಇರುತ್ತದೆ. ಈ ಹಾಳೆಯಲ್ಲಿ ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಎತ್ತರ. ಐದನೆಯ ಗೆರೆ ದಪ್ಪ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಬೆಟ್ಟ, ದೂರ ದೂರ ಇದ್ದರೆ ಬಯಲು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಗೆರೆ ಬಾಗಿದಾಗ ಅದು ಹಳ್ಳವೋ ದಿಣ್ಣೆಯೋ ಅನ್ನುವುದು ಗೊತ್ತಿರುವುದಿಲ್ಲ.

ಅದಕ್ಕೆ ಒಂದು ಆಲೂಗಡ್ಡೆ ತೆಗೆದುಕೊಳ್ಳಿ, ಇಲ್ಲಿ ಅದಕ್ಕೇನು ಬರವಿಲ್ಲ. ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳನ್ನು ತಟ್ಟೆಯಲ್ಲಿ ಬೋರಲು ಹಾಕಿ. ಚಮಚದಿಂದ ಮೇಲಿನಿಂದ ಕೆಳಗೆ ಒಂದು ಕಡೆ ಸಣ್ಣ ಕಾಲುವೆ ಕೊರೆಯಿರಿ. ತಟ್ಟೆಗೆ ಸ್ವಲ್ಪ ನೀರು ಹಾಕಿ, ನೀರು ನಿಂತ ಅಂಚಿನ ಉದ್ದಕ್ಕೂ ಸೂಜಿಯಿಂದ ಗೀಚಿ. ಇನ್ನೊಂದಿಷ್ಟು ನೀರು ಹಾಕಿ, ಮತ್ತೆ ಗೀಚಿ. ನಾಲ್ಕು ಗೆರೆ ಆದ ಮೇಲೆ ನೀರು ಚೆಲ್ಲಿ ಮೇಲಿನಿಂದ ನೋಡಿ. ಕೊರೆದ ಕಾಲುವೆಯಲ್ಲಿ ಗೆರೆಗಳೆಲ್ಲ ಒಳಕ್ಕೆ, ನೆತ್ತಿಯ ಕಡೆಗೆ ಬಾಗಿರುತ್ತವೆ. ಉಬ್ಬಿದ ಕಡೆ ಹೊರಕ್ಕೆ, ತಟ್ಟೆಯ ಕಡೆಗೆ ಬಾಗಿರುತ್ತವೆ. ನಕ್ಷೆಯಲ್ಲೂ ಇಷ್ಟೇ. ಬಾಗಿನ ಮೂತಿ ದೊಡ್ಡ ಸಂಖ್ಯೆಯ ಕಡೆ ತಿರುಗಿದ್ದರೆ ಹಳ್ಳ, ಸಣ್ಣ ಸಂಖ್ಯೆಯ ಕಡೆ ತಿರುಗಿದ್ದರೆ ದಿಣ್ಣೆ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ತಿರುವುಮುರುವಾಗುತ್ತದೆ, ಕೈಯಾರೆ ಗೀಚಿದವರಿಗೆ ಮರೆಯುವುದಿಲ್ಲ.

ಈಗ ಗೆರೆ. ಏರಿಯ ಒಂದು ತುದಿ ದಿಣ್ಣೆಗೆ ಸೇರುವ ಜಾಗದಿಂದ ಶುರು ಮಾಡಿ. ದಿಣ್ಣೆಯ ಬೆನ್ನಿನ ಮೇಲೆ ಹತ್ತುತ್ತಾ ಹೋಗಿ, ಪ್ರತಿ ಕಾಂಟೂರನ್ನೂ ಅಡ್ಡಡ್ಡ ನೇರಕ್ಕೆ ದಾಟಬೇಕು, ಓರೆಯಾಗಿ ದಾಟಿದರೆ ನೀವು ಬೆನ್ನು ಬಿಟ್ಟು ಪಕ್ಕೆಗೆ ಜಾರಿದ್ದೀರಿ ಅಂತ ಅರ್ಥ. ಒಂದು ಕಾಂಟೂರ್ ದಾಟಿದ ಕೂಡಲೇ ನಿಲ್ಲಿ. ಇಲ್ಲಿ ಬಿದ್ದ ಹನಿ ಎಡಕ್ಕೆ ಹೋಗುತ್ತದೋ ಬಲಕ್ಕೋ ಅಂತ ಕೇಳಿಕೊಂಡು ಎರಡೂ ಕಡೆ ಪುಟ್ಟ ಬಾಣ ಹಾಕಿ. ಒಂದು ಬಾಣ ನಿಮ್ಮ ಕೆರೆಗೆ, ಇನ್ನೊಂದು ಬೇರೆ ಕೆರೆಗೆ ಹೋದರೆ ಗೆರೆ ಸರಿ. ಎರಡೂ ಒಂದೇ ಕೆರೆಗೆ ಹೋದರೆ ಹಿಂದಕ್ಕೆ ಬನ್ನಿ. ನೆತ್ತಿ ಸಿಕ್ಕಿದ ಮೇಲೆ ಮುಂದಿನ ನೆತ್ತಿಗೆ ಹೋಗುವಾಗ ನಡುವಿನ ತಗ್ಗಿನ ಮಧ್ಯದಲ್ಲೇ ದಾಟಿ. ಹಾಗೇ ಸುತ್ತು ಹಾಕಿ ಏರಿಯ ಇನ್ನೊಂದು ತುದಿಗೆ ಇಳಿಯಿರಿ.

ಗೆರೆ ಯಾವ ಹಳ್ಳವನ್ನೂ ದಾಟಬಾರದು. ಕೆರೆಗೆ ಬರುವ ಹಳ್ಳಗಳೆಲ್ಲ ಹುಟ್ಟಿನಿಂದ ಹಿಡಿದು ಪೂರ್ತಿ ಒಳಗೇ ಇರಬೇಕು. ಒಂದೇ ಒಂದು ಕಡೆ ದಾಟಿದ್ದರೂ ಅಳಿಸಿ, ಅಲ್ಲಿಂದ ಮತ್ತೆ ಎಳೆಯಿರಿ.

ಬಯಲಿನಲ್ಲಿ ಕಷ್ಟ ಜಾಸ್ತಿ. ಎರಡು ಕಾಂಟೂರ್ ನಡುವೆ ಒಂದು ಕಿಲೋಮೀಟರ್ ಖಾಲಿ ಇದ್ದರೆ ಏನು ಮಾಡುವುದು? ಆ ಕಡೆಗೆ ಹರಿಯುವ ಹಳ್ಳ ಎಲ್ಲಿ ಹುಟ್ಟುತ್ತದೆ, ಈ ಕಡೆಗೆ ಹರಿಯುವುದು ಎಲ್ಲಿ ಹುಟ್ಟುತ್ತದೆ ನೋಡಿ, ಎರಡರ ನಡುಮಧ್ಯೆ ಚುಕ್ಕಿ ಗೆರೆ ಹಾಕಿ. ನಡೆದು ನೋಡುವವರೆಗೆ ಅದು ಚುಕ್ಕಿ ಗೆರೆಯಾಗಿಯೇ ಇರಲಿ. ಉಪಗ್ರಹದ ಎತ್ತರದ ಮಾಹಿತಿಯಿಂದ ಜಲಾನಯನವನ್ನು ತಾನಾಗಿಯೇ ಬರೆಯುವ ಸಾಫ್ಟ್‌ವೇರ್ ಇವೆ. ಬೆಟ್ಟಗಳಲ್ಲಿ ಪರವಾಗಿಲ್ಲ. ಬಯಲಿನಲ್ಲಿ ಅವಕ್ಕೆ ನಮ್ಮ ಸಣ್ಣ ಬದು, ರಾಜಕಾಲುವೆ ಕಾಣಿಸುವುದೇ ಇಲ್ಲ. ಕೈಯಲ್ಲಿ ಒಮ್ಮೆ ಎಳೆದ ಮೇಲೆ ಬೇಕಾದರೆ ಹೋಲಿಸಿ ನೋಡಿ, ಮೊದಲೇ ಬೇಡ.

ಇನ್ನೊಂದು ಮಾತು. ನಮ್ಮ ಕೆರೆಗಳು ಸರಪಳಿಯಂತೆ ಇವೆ, ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹಾಗಾಗಿ ಎರಡು ಗೆರೆ ಎಳೆಯಿರಿ: ನಿಮ್ಮ ಕೆರೆಯ ಸ್ವಂತ ಜಲಾನಯನ ಒಂದು, ಮೇಲಿನ ಕೆರೆಗಳನ್ನೂ ಸೇರಿಸಿದ್ದು ಇನ್ನೊಂದು. ಒಂದನ್ನೇ ಬರೆದರೆ ಅರ್ಧ ಕಥೆ.

ಅಭ್ಯಾಸಕ್ಕೆ ದೇವರಾಯನದುರ್ಗದ ಹಾಳೆ ತುಂಬಾ ಒಳ್ಳೆಯದು. ಅಲ್ಲಿಂದ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ, ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಒಂದೇ ಬೆಟ್ಟಸಾಲು, ಎರಡು ನದಿ ವ್ಯವಸ್ಥೆ.

ಹೆಜ್ಜೆ 4: ವಿಸ್ತೀರ್ಣ

ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಿ. ಒಂದು ಚದರ ಸೆಂಟಿಮೀಟರ್ ಅಂದರೆ 25 ಹೆಕ್ಟೇರ್. 18 ಬಂದರೆ 450 ಹೆಕ್ಟೇರ್, ಅಂದರೆ 4.5 ಚದರ ಕಿ.ಮೀ. ಅಷ್ಟು ಜಾಗದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೂ 45 ಲಕ್ಷ ಲೀಟರ್. ಅದರಲ್ಲಿ ಹೆಚ್ಚಿನದು ಮಣ್ಣಿಗಿಳಿಯುತ್ತದೆ, ಆವಿಯಾಗುತ್ತದೆ. ಉಳಿದದ್ದು ಕೆರೆಗೆ.

ಹೆಜ್ಜೆ 5: ಜನ

ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಹಳ್ಳಿವಾರು ಜನಸಂಖ್ಯೆ, ವಿಸ್ತೀರ್ಣ ಎರಡೂ ಇವೆ. 2021ರ ಗಣತಿ ಮುಂದಕ್ಕೆ ಹೋದದ್ದರಿಂದ 2011ರದ್ದನ್ನೇ ಬಳಸಿ, ಇಸವಿಯನ್ನು ಪಕ್ಕದಲ್ಲೇ ಬರೆಯಿರಿ. ಜನಸಂಖ್ಯೆಯನ್ನು ಚದರ ಕಿಲೋಮೀಟರಿನಿಂದ ಭಾಗಿಸಿದರೆ ಜನಸಾಂದ್ರತೆ. ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದು 296, ಕೋಲಾರದಲ್ಲಿ 386, ತುಮಕೂರಿನಲ್ಲಿ 253, ರಾಜ್ಯದಲ್ಲಿ 319.

ತುಮಕೂರಿನಲ್ಲಿ ಜನ ಕಡಿಮೆ ಅಂತ ಇದರಿಂದ ಬರೆಯಬೇಡಿ. ಅಲ್ಲಿ ಸುಮಾರು 26.8 ಲಕ್ಷ ಜನ ಇದ್ದರು, ಕೋಲಾರದಲ್ಲಿ 15.4 ಲಕ್ಷ. ತುಮಕೂರಿನ ನೆಲ ದೊಡ್ಡದು, ಅಷ್ಟೇ. ಇನ್ನೊಂದು ದೊಡ್ಡ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ: 2001ರಲ್ಲಿ ಕೋಲಾರದ ಜನಸಂಖ್ಯೆ 25 ಲಕ್ಷಕ್ಕೂ ಹೆಚ್ಚು, 2011ರಲ್ಲಿ 15 ಲಕ್ಷ, ಆದ್ದರಿಂದ ಹತ್ತು ಲಕ್ಷ ಜನ ವಲಸೆ ಹೋದರು ಅಂತ ಬರೆಯುತ್ತಾರೆ. ಯಾರೂ ಹೋಗಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಎರಡು ಇಸವಿ ಹೋಲಿಸುವ ಮುಂಚೆ ಗಡಿ ಅದೇ ಇದೆಯಾ ಅಂತ ನೋಡಲೇಬೇಕು.

ನಿಮ್ಮ ಗೆರೆ ಒಂದು ಹಳ್ಳಿಯನ್ನು ಎರಡು ಭಾಗ ಮಾಡಿದರೆ ನೆಲದ ಲೆಕ್ಕದಲ್ಲಿ ಜನರನ್ನು ಹಂಚಬೇಡಿ, ಜನ ಹೊಲದ ತುಂಬ ಹರಡಿಕೊಂಡು ಇರುವುದಿಲ್ಲ, ಅಲ್ವಾ? ಮನೆಗಳು ಗೆರೆಯ ಒಳಗಿವೆಯಾ ಹೊರಗಿವೆಯಾ ನೋಡಿ ಎಣಿಸಿ. ಬೇಚರಾಕ್ ಗ್ರಾಮಗಳ, ಅಂದರೆ ಯಾರೂ ವಾಸ ಇಲ್ಲದ ಗ್ರಾಮಗಳ ಮುಂದೆ ಜನಸಂಖ್ಯೆ ಸೊನ್ನೆ ಇರುತ್ತದೆ. ಅವನ್ನು ಬಿಡಬೇಡಿ, ಜನ ಇಲ್ಲದಿದ್ದರೂ ಅಲ್ಲಿಯ ನೆಲದ ನೀರು ಕೆರೆಗೇ ಬರುತ್ತದೆ. ಸಾಧ್ಯವಾದರೆ ಬಂಡೆ, ಗುಂಡುತೋಪು, ಕೆರೆಯಂಗಳ ಕಳೆದು ಉಳುವ ಭೂಮಿಗೆ ಮಾತ್ರ ಇನ್ನೊಂದು ಸಾಂದ್ರತೆ ತೆಗೆಯಿರಿ. ನೆಲದ ಮೇಲೆ ನಿಜವಾಗಿ ಎಷ್ಟು ಭಾರ ಇದೆ ಅಂತ ಆ ಸಂಖ್ಯೆಯೇ ಹೇಳುತ್ತದೆ.

ಹೆಜ್ಜೆ 6: ನಡೆಯಿರಿ

ಒಳ್ಳೆ ಮಳೆ ಬಂದ ಮಾರನೆಯ ಬೆಳಿಗ್ಗೆ ಹೋಗಿ, ನೀರು ಹರಿದ ಗುರುತು ಇನ್ನೂ ಇರುತ್ತದೆ. ಊರಿನ ನೀರುಗಂಟಿಯವರು (ಕೆರೆಯ ನೀರು ಬಿಡುವವರು) ಇದ್ದರೆ ಅವರನ್ನು ಜೊತೆಗೆ ಕರೆಯಿರಿ, ಯಾವ ದಿಣ್ಣೆಯ ನೀರು ಯಾವ ಕೆರೆಗೆ ಅಂತ ಅವರಿಗೆ ಗೊತ್ತು. ಚುಕ್ಕಿ ಗೆರೆ ಹಾಕಿದ ಕಡೆಗಳಿಗೆ ಮೊದಲು ಹೋಗಿ. ಹೊಸ ರಸ್ತೆ, ಹೊಸ ಲೇಔಟ್ ಕಂಡಲ್ಲಿ ಮೋರಿ ಎಲ್ಲಿದೆ ನೋಡಿ. ರಸ್ತೆ ಎತ್ತರಿಸಿ ಮೋರಿ ಇಡದಿದ್ದರೆ ಆ ಕಡೆಯ ನೀರು ನಿಮ್ಮ ಕೆರೆಗೆ ಬರುವುದು ನಿಂತಿರುತ್ತದೆ, ಟೋಪೋಶೀಟ್‌ಗೆ ಅದು ಗೊತ್ತಿರುವುದಿಲ್ಲ. ಅಂಥ ಜಾಗಗಳಿಗೆ ಕೆಂಪು ಗುರುತು ಹಾಕಿ, ಪಕ್ಕದಲ್ಲಿ ಸರ್ವೆ ನಂಬರ್ ಬರೆಯಿರಿ, ಪೆನ್ಸಿಲ್ ಗೆರೆಯನ್ನು ಅಲ್ಲೇ ನಿಂತು ತಿದ್ದಿ. ಮನೆಗೆ ಬಂದ ಮೇಲೆ ಇಂಕ್ ಹಚ್ಚಿ.