ರಿಯಾಕ್ಟರ್ ಒಳಗಿನ ಬಿಸಿಯನ್ನು ಸಿಲಿಕಾನ್ ಕಾರ್ಬೈಡ್ ಕಡ್ಡಿಯಿಂದ ಓದುವುದು ಹೇಗೆ?

ಅಮೆರಿಕದ ಐಡಹೋದಲ್ಲಿರುವ ಪರಮಾಣು ಸ್ಥಾವರವಾದ ಅಡ್ವಾನ್ಸ್ಡ್ ಟೆಸ್ಟ್ ರಿಯಾಕ್ಟರ್‌ನಲ್ಲಿ, ತಾಪಮಾನ ಅಳೆಯಲು ವೈರ್ ಎಳೆಯೋಕೆ ಆಗದ, ಪ್ರಯೋಗದ ವಸ್ತು ಇಟ್ಟು ಮುಚ್ಚಿದ ಕ್ಯಾಪ್ಸೂಲ್‌ಗಳೊಳಗೆ ಸಿಲಿಕಾನ್ ಕಾರ್ಬೈಡ್‌ನ (ಸಿಲಿಕಾನ್ ಮತ್ತು ಇಂಗಾಲ ಸೇರಿದ ಗಟ್ಟಿ ಹರಳು) ಪುಟ್ಟ ಕಡ್ಡಿ ಇಡುತ್ತಾರೆ. ನ್ಯೂಟ್ರಾನ್ ಬಡಿದು ಹರಳಿನ ಪರಮಾಣುಗಳು ಜಾಗ ಬಿಟ್ಟು ಚದುರುತ್ತವೆ. ಕಡ್ಡಿ ಕಾದಷ್ಟೂ ಈ ಹಾನಿ ವಾಸಿಯಾಗುತ್ತೆ. ಉಳಿದ ಹಾನಿಯೇ ನಮ್ಮ ದಾಖಲೆ, ಹಾಗಾಗಿ ಓದುವ ಮೊದಲು ಕಡ್ಡಿಯನ್ನು ಸುಮ್ನೆ ಕಾಯಿಸಬೇಡಿ.

ಕಡ್ಡಿ ವಿಕಿರಣ ಸೂಸುತ್ತಿರುತ್ತೆ, ಕೆಲಸವೆಲ್ಲ ಅದಕ್ಕೆಂದೇ ಇರುವ ಲ್ಯಾಬ್‌ನಲ್ಲೇ ಆಗಬೇಕು. ರಿಯಾಕ್ಟರ್ ಒಳಗೆ ಇದ್ದಿರಬಹುದು ಎಂದು ನೀವು ಊಹಿಸಿದ ತಾಪಮಾನಕ್ಕಿಂತ ಸಾಕಷ್ಟು ಕೆಳಗಿನಿಂದ ಶುರು ಮಾಡಿ. ಕುಲುಮೆಯಲ್ಲಿ 30 ನಿಮಿಷ ಇಟ್ಟು, ತಣಿಸಿ, ಆಮೇಲೆ ನಾಲ್ಕು ತಂತಿ ವಿಧಾನದಲ್ಲಿ (ಎರಡು ತಂತಿಯಲ್ಲಿ ವಿದ್ಯುತ್ ಹರಿಸಿ, ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುವುದು) ಕಡ್ಡಿಯ ವಿದ್ಯುತ್ ರೋಧ ಅಳೆಯಿರಿ. ಅಳತೆ ಮಾತ್ರ ಪ್ರತಿ ಸಲವೂ ಒಂದೇ ತಾಪಮಾನದಲ್ಲಿ ಆಗಬೇಕು, ಇಲ್ಲಾಂದ್ರೆ ಕೋಣೆಯ ಬಿಸಿಯನ್ನೇ ಅಳೆದು ಖುಷಿಪಟ್ಟ ಹಾಗಾಗುತ್ತೆ! ನಂತರ ಸ್ವಲ್ಪ ಜಾಸ್ತಿ ಬಿಸಿ, ಮತ್ತೆ ಅದೇ ಕೆಲಸ. ಬೇಜಾರಿನದೇ, ಆದರೆ ಅಡ್ಡದಾರಿ ಇಲ್ಲ.

ಮೊದಮೊದಲು ರೋಧ ಅಲ್ಲಾಡುವುದಿಲ್ಲ. ಅಷ್ಟು ಬಿಸಿಗೆ ವಾಸಿಯಾಗಬೇಕಾದ ಗಾಯಗಳೆಲ್ಲ ರಿಯಾಕ್ಟರ್‌ನಲ್ಲೇ ವಾಸಿಯಾಗಿವೆ, ಅಲ್ವಾ? ಒಂದು ಹಂತ ದಾಟಿದ ಮೇಲೆ ಏರತೊಡಗಿ, ಏರುತ್ತಲೇ ಹೋಗುತ್ತೆ. ಕುಲುಮೆಯ ಬಿಸಿಗೆ ರೋಧದ ಗ್ರಾಫ್ ಹಾಕಿದರೆ, ಅದು ತಿರುಗಿದ ಆ ಜಾಗವೇ ಉತ್ತರ. ಸುಮಾರು 200ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಈ ವಿಧಾನ ನಡೆಯುತ್ತದೆ. ಕೊನೆಯಲ್ಲಿ ರಿಯಾಕ್ಟರ್ ಜಾಸ್ತಿ ಕಾದಿದ್ದರೆ ಹಳೆಯ ದಾಖಲೆ ಅಳಿಸಿರುತ್ತೆ, ಅದಕ್ಕೇ ರಿಯಾಕ್ಟರ್ ಯಾವಾಗ ಹೇಗೆ ಓಡಿತು ಎಂಬ ಲಾಗ್ ಪಕ್ಕದಲ್ಲೇ ಇರಲಿ.