ಮೆಚ್ಚಿನ ಆಟಗಾರನ ಮುಖ ಪೆನ್ಸಿಲ್ಲಿನಲ್ಲಿ ಮೂಡಬೇಕಾದರೆ

ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ತೃಕ್ಕರಿಪುರದವರೆಗೆ ರಸ್ತೆಯ ಬದಿಗಳಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಅವರ ಫ್ಲೆಕ್ಸ್‌ಗಳು ಏಳುತ್ತವೆ. ಮಕ್ಕಳ ನೋಟ್‌ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರದೇ ಪೆನ್ಸಿಲ್ ಚಿತ್ರಗಳೂ ಕಾಣಿಸಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ಆಟಗಾರ ಯಾರೆಂದು ತಿಳಿಯುವುದು ಹೆಚ್ಚಾಗಿ ಜೆರ್ಸಿಯ ನಂಬರಿನಿಂದ, ಮುಖದಿಂದಲ್ಲ. ನಾನು ಮೊದಲ ಬಾರಿ ಬರೆದ ಮೆಸ್ಸಿಯನ್ನು ನೋಡಿ ಮನೆಯವರು ಯಾರೋ ನೆಂಟರೆಂದೇ ತಿಳಿದಿದ್ದರು. ಗಡ್ಡವನ್ನು ಎರಡು ದಿನ ಕೂತು ಬರೆದಿದ್ದೆ, ಕಣ್ಣುಗಳ ನಡುವಿನ ಅಂತರವನ್ನು ಮಾತ್ರ ಒಮ್ಮೆಯೂ ಅಳೆದಿರಲಿಲ್ಲ.

ಮೊದಲ ಕೆಲಸ ಫೋಟೋ ಆರಿಸುವುದು. ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದ ಗಳಿಗೆಯನ್ನೇ ಬರೆಯಬೇಕೆಂದು ನಮ್ಮ ಕಡೆಯ ಹುಡುಗರಿಗೆ ಅನಿಸುವುದು ಸಹಜವಾದರೂ, ಚೆಂಡಿಗೆ ತಲೆ ಕೊಡುವಾಗ ಯಾರ ಮುಖವೂ ಕಿವುಚಿಕೊಂಡಿರುತ್ತದೆ. ಹೊಸಬರು ಅದನ್ನು ಆಮೇಲಿಗೆ ಇಟ್ಟುಕೊಳ್ಳುವುದು ಲೇಸು. ಬಾಯಿ ಮುಚ್ಚಿರುವ, ಬೆಳಕು ಒಂದೇ ಬದಿಯಿಂದ ಬಿದ್ದು ಇನ್ನೊಂದು ಕೆನ್ನೆಯಲ್ಲಿ ನೆರಳಿರುವ ಫೋಟೋ ಬೇಕು. ನೇರ ಫ್ಲ್ಯಾಶ್ ಬಿದ್ದ ಮುಖದಲ್ಲಿ ನೆರಳೇ ಇರುವುದಿಲ್ಲವಾದ್ದರಿಂದ ಮೂಗನ್ನು ಬರೆಯಲು ಆಧಾರವೇ ಸಿಗದು. ಮೊಬೈಲಿನಲ್ಲಿ ಫೋಟೋವನ್ನು ಕಪ್ಪು ಬಿಳುಪಿಗೆ ತಿರುಗಿಸಿ, 4 ಇಂಚು ಅಗಲ, 5 ಇಂಚು ಎತ್ತರಕ್ಕೆ ಪ್ರಿಂಟ್ ತೆಗೆಸಿಕೊಳ್ಳಿ.

ಸಾಮಾನು ಹೆಚ್ಚೇನೂ ಬೇಡ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್‌ಗಳು, ಸ್ಕೇಲು, ಮೆತ್ತನೆಯ ರಬ್ಬರ್, ಕಿವಿ ಒರೆಸುವ ಹತ್ತಿಕಡ್ಡಿ ಮತ್ತು ದಪ್ಪನೆಯ ಎ4 ಡ್ರಾಯಿಂಗ್ ಹಾಳೆ ಸಾಕು. ಬಿ ಮುಂದಿನ ಅಂಕಿ ಏರಿದಂತೆ ಸೀಸದಲ್ಲಿ ಗ್ರಾಫೈಟ್ ಹೆಚ್ಚಿ ಜೇಡಿಮಣ್ಣು ಕಡಿಮೆಯಾಗುತ್ತದೆ, ಗೆರೆ ಕಪ್ಪಾಗುತ್ತದೆ.

ಪ್ರಿಂಟಿನ ಮೇಲೆ ಅರ್ಧ ಇಂಚಿಗೊಂದರಂತೆ, ಹಾಳೆಯ ಮೇಲೆ 8 ಇಂಚು ಅಗಲ, 10 ಇಂಚು ಎತ್ತರದ ಜಾಗದಲ್ಲಿ ಒಂದಿಂಚಿಗೊಂದರಂತೆ ಗೆರೆ ಎಳೆದರೆ ಎರಡರಲ್ಲೂ 80 ಚೌಕಗಳಾಗುತ್ತವೆ. ಹಾಳೆಯ ಗೆರೆಗಳು ಕಂಡೂ ಕಾಣದಷ್ಟು ತೆಳುವಾಗಿರಬೇಕು. ನೆರಳಿನ ಅಡಿಗೆ ಸಿಕ್ಕಿದ ಗೆರೆ ಮತ್ತೆ ಅಳಿಯುವುದಿಲ್ಲ. ಈಗ ಒಂದೊಂದೇ ಚೌಕವನ್ನು ನೋಡಿ ಅದರೊಳಗಿನ ಆಕಾರವನ್ನಷ್ಟೇ ನಕಲಿಸಿ. ‘ಇದು ಕಣ್ಣು’ ಎಂದು ಮನಸ್ಸಿಗೆ ಬಂದ ಕೂಡಲೇ ಕೈ ತನಗೆ ಗೊತ್ತಿರುವ ಮೀನಿನಾಕಾರದ ಕಣ್ಣನ್ನು ಬರೆದುಬಿಡುತ್ತದೆ. ಅದನ್ನು ತಪ್ಪಿಸಲು ನಾನು ಪ್ರಿಂಟನ್ನೂ ಹಾಳೆಯನ್ನೂ ತಲೆಕೆಳಗಾಗಿಟ್ಟು ಬರೆಯುವುದುಂಟು.

ಹೊರರೇಖೆ ಮುಗಿದ ಮೇಲೆ ಅಳತೆಯನ್ನು ಇನ್ನೊಮ್ಮೆ ಪರೀಕ್ಷಿಸಿ. ನೇರವಾಗಿ ನೋಡುವ ಮುಖದಲ್ಲಿ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸರಿಸುಮಾರು ಮಧ್ಯದಲ್ಲಿರುತ್ತವೆ. ಹೊಸಬರು ಅವನ್ನು ಹಣೆಯತ್ತ ಏರಿಸುವುದರಿಂದಲೇ ತಲೆ ಚಪ್ಪಟೆಯಾಗುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನ ಜಾಗವಿರುತ್ತದೆ. ಇವು ಸಾಮಾನ್ಯ ಅಳತೆಗಳಷ್ಟೇ, ಹೋಲಿಕೆ ಇರುವುದು ನಿಮ್ಮ ಆಟಗಾರ ಇವುಗಳಿಂದ ಎಲ್ಲಿ ಸರಿದಿದ್ದಾನೆ ಎಂಬುದರಲ್ಲಿ.

ಚೌಕದ ಗೆರೆಗಳನ್ನು ಅಳಿಸಿ ಕಣ್ಣಿನಿಂದಲೇ ನೆರಳು ತುಂಬಲು ತೊಡಗಿ. ಪಾಪೆಯಲ್ಲಿ ಹೊಳೆಯುವ ಬೆಳಕಿನ ಚುಕ್ಕೆಯ ಜಾಗವನ್ನು ಮೊದಲೇ ಗುರುತಿಸಿ ಖಾಲಿ ಬಿಡಬೇಕು. ಕಣ್ಣಿನ ಬಿಳಿಭಾಗ ನಿಜಕ್ಕೂ ಬಿಳಿಯಲ್ಲ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಆ ತೆಳು ಬೂದಿ ಬಣ್ಣವನ್ನು ಎಚ್‌ಬಿಯಿಂದ ತುಂಬಿದಾಗ ಮಾತ್ರ ಗುಡ್ಡೆ ದುಂಡಗಾಗಿ ಗುಳಿಯೊಳಗೆ ಕೂರುತ್ತದೆ. ಮೂಗಿನ ಎರಡು ಬದಿಗೂ ಗೆರೆ ಎಳೆಯಬೇಡಿ, ಅದು ನೆರಳಿನಿಂದಲೇ ಏಳಲಿ. ಕೆನ್ನೆಯ ನೆರಳನ್ನು ತಿಳಿಯಿಂದ ಕಡುವಿಗೆ ಪದರ ಪದರವಾಗಿ ಏರಿಸಿ ಹತ್ತಿಕಡ್ಡಿಯಿಂದ ಮೆಲ್ಲಗೆ ಸವರಿ. ಬೆರಳಿನಿಂದ ಉಜ್ಜಿದರೆ ಚರ್ಮದ ಎಣ್ಣೆ ಹಾಳೆಗೆ ಅಂಟಿ ಕಲೆಗಳೇಳುತ್ತವೆ.

ಗಡ್ಡದ ಸರದಿ ಇಲ್ಲಿ ಬರುತ್ತದೆ. ಅದರ ಅಡಿಯ ಚರ್ಮಕ್ಕೆ ನೆರಳು ತುಂಬಿದ ಮೇಲೆಯೇ, ಕೂದಲು ಬೆಳೆಯುವ ದಿಕ್ಕಿನಲ್ಲಿ, ಚೂಪಾದ 4ಬಿಯಿಂದ ಗಿಡ್ಡ ಗೀರುಗಳನ್ನು ಎಳೆಯಬೇಕು. ಎಲ್ಲ ಗೀರುಗಳೂ ಒಂದೇ ಉದ್ದವಾದರೆ ಗಡ್ಡ ತೆಂಗಿನ ನಾರಿನ ಬ್ರಷ್ಷಿನಂತೆ ಕಾಣುತ್ತದೆ.

ಜೆರ್ಸಿಗೆ ಹೆಚ್ಚು ಶ್ರಮ ಬೇಡ. ಬ್ರೆಜಿಲಿನ ಹಳದಿ ಪೆನ್ಸಿಲ್ಲಿನಲ್ಲಿ ಬಹುತೇಕ ಬಿಳಿಯೇ, ಹಸಿರು ಕಾಲರಷ್ಟೇ ಕಡು. ಅರ್ಜೆಂಟೀನಾದ ಲಾಂಛನದ ಮೇಲಿನ ನಕ್ಷತ್ರಗಳನ್ನು ಮಾತ್ರ ಫೋಟೋ ನೋಡಿಯೇ ಬರೆಯಿರಿ: 1978, 1986 ಮತ್ತು 2022ರ ಗೆಲುವುಗಳಿಗೆ ಈಗ ಮೂರು ನಕ್ಷತ್ರಗಳಿದ್ದರೂ, 2022ರ ಫೈನಲ್ ಆಡುವಾಗ ಮೆಸ್ಸಿಯ ಎದೆಯ ಮೇಲಿದ್ದುದು ಎರಡೇ. ತಪ್ಪಿದರೆ ಊರಿನ ಅರ್ಜೆಂಟೀನಾ ಅಭಿಮಾನಿಗಳು ಬಿಡುವುದಿಲ್ಲ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಮೆತ್ತಗಾಗುವುದರಿಂದ ರಬ್ಬರ್ ಉಜ್ಜಿದಲ್ಲಿ ನಾರು ಏಳುತ್ತದೆ. ಉಜ್ಜುವ ಬದಲು ರಬ್ಬರನ್ನು ಒತ್ತಿ ಎತ್ತಿ. ಬೆವರಿದ ಅಂಗೈಯ ಕೆಳಗೆ ಯಾವಾಗಲೂ ಒಂದು ಶುಭ್ರ ಕಾಗದವಿರಲಿ. ಚಿತ್ರಕ್ಕೆ ಫ್ರೇಮ್ ಹಾಕಿಸುವುದಾದರೆ ಗಾಜು ಹಾಳೆಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಲು ಹೇಳಿ, ಮಳೆನೀರು ಇಳಿಯುವ ಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ.